ಸಿಸ್ಟರ್‌ಗೆ ಕೇಳಿ: ಬ್ಯಾಗ್ ಸರಿ ಇದೆ, ಹಾಸಿಗೆ ಸರಿ ಇದೆಯಾ?

ಹೋದ ತಿಂಗಳು ಈ ಅಂಕಣದಲ್ಲಿ ರಕ್ತ ಏರಿಸುವ ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಅಷ್ಟೇ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಅರ್ಧದಷ್ಟು ಪತ್ರ ನರ್ಸ್ ಹುಡುಗಿಯರದ್ದು. ಉಳಿದವು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಕಾದವರದ್ದು. ಹಾಗಾಗಿ ಈ ತಿಂಗಳು ಬರೀ ರಕ್ತದ ಮಾತು. ಹೊಸಬರಿಗೆ ಒಂದು ಮಾತು: ತುಮಕೂರು ಕಡೆಯ ವಾರ್ಡುಗಳಲ್ಲಿ 30 ವರ್ಷಕ್ಕೂ ಜಾಸ್ತಿ ಡ್ಯೂಟಿ ಮಾಡಿ ನಿವೃತ್ತಿಯಾದವಳು ನಾನು. ಡಾಕ್ಟರ್ ಅಲ್ಲ, ಔಷಧಿ ಬರೆದುಕೊಡುವುದಿಲ್ಲ. ಹಾಸಿಗೆ ಪಕ್ಕ ನಿಂತು ಕಂಡದ್ದನ್ನು, ಕಲಿತದ್ದನ್ನು ಹೇಳುತ್ತೇನೆ.

ಪ್ರಶ್ನೆ: ಮೇಡಂ, ನಮ್ಮದು ಸಣ್ಣ ನರ್ಸಿಂಗ್ ಹೋಮ್. ರಾತ್ರಿ ಡ್ಯೂಟಿಗೆ ಸ್ಟಾಫ್ ನರ್ಸ್ ಅಂತ ನಾನೊಬ್ಬಳೇ, ಜೊತೆಗೆ ಒಬ್ಬರು ಆಯಾ. ರಕ್ತ ಹಾಕುವಾಗ ಫಾರ್ಮಿನಲ್ಲಿ ಇಬ್ಬರ ಸಹಿ ಬೇಕು. ಎರಡನೆಯವರು ಇಲ್ಲದ ಕಾರಣ ಎರಡೂ ಸಹಿ ನಾನೇ ಹಾಕುತ್ತೇನೆ, ಇಲ್ಲಾಂದ್ರೆ ಬೆಳಿಗ್ಗೆ ಬರುವ ಸಿಸ್ಟರ್ ಹತ್ತಿರ ಹಾಕಿಸುತ್ತೇನೆ. ಎಲ್ಲರೂ ಹೀಗೇ ಮಾಡುತ್ತಾರೆ. ತಪ್ಪಾ?
– ಸ್ಟಾಫ್ ನರ್ಸ್, ಮಧುಗಿರಿ

ಉತ್ತರ: ತಪ್ಪು ಕಣಮ್ಮ. ಆದರೆ ಬೈಯುವುದಿಲ್ಲ, ಯಾಕಂದ್ರೆ ಅಂಥ ಸಹಿ ನಾನೂ ಹಾಕಿದ್ದೇನೆ. ಹಾಕುವುದನ್ನು ಯಾವತ್ತು ಬಿಟ್ಟೆ ಅಂತಲೂ ನೆನಪಿದೆ, ಅದನ್ನೇ ಹೇಳುತ್ತೇನೆ.

ಆಗ ನನಗೆ ಸರ್ವಿಸ್ ಆಗಿ ನಾಲ್ಕೈದು ವರ್ಷ. ಹೆಂಗಸರ ವಾರ್ಡ್, ರಾತ್ರಿ ಡ್ಯೂಟಿ. ನಮ್ಮ ಕಡೆ ಹೆಸರುಗಳು ಹೇಗೆ ಅಂತ ನಿನಗೆ ಗೊತ್ತಲ್ಲ, ಸಿದ್ಧಗಂಗಮ್ಮ ಅಂತ ಕೂಗಿದರೆ ಒಂದು ವಾರ್ಡಿನಲ್ಲಿ ಇಬ್ಬರಾದರೂ ತಲೆ ಎತ್ತುತ್ತಾರೆ. ಅವತ್ತೂ ಇಬ್ಬರಿದ್ದರು. ಒಬ್ಬರದ್ದು ಎ ಪಾಸಿಟಿವ್, ಇನ್ನೊಬ್ಬರದ್ದು ಬಿ ಪಾಸಿಟಿವ್. ಒಬ್ಬರಿಗೆ ಬ್ಯಾಗ್ ಬಂತು. ನಾನು ಏಳನೇ ಹಾಸಿಗೆ ಹತ್ತಿರ ಹೋಗಿ 'ಸಿದ್ಧಗಂಗಮ್ಮ ಅಲ್ವಾ?' ಅಂತ ಕೇಳಿದೆ. ಅವರು ನಿದ್ದೆಗಣ್ಣಲ್ಲಿ 'ಹೂಂ ಕಣವ್ವ' ಅಂದರು. ಸರಿ, ಸ್ಟ್ಯಾಂಡಿಗೆ ಬ್ಯಾಗ್ ತೂಗುಹಾಕಿದೆ, ಅದಕ್ಕೆ ಸೆಟ್, ಅಂದರೆ ರಕ್ತ ಇಳಿಯುವ ಟ್ಯೂಬು, ಚುಚ್ಚಿದೆ, ಟ್ಯೂಬಿನಲ್ಲಿ ರಕ್ತ ಇಳಿಸಿದೆ. ಇನ್ನೇನು ಕೈಯ ನರಕ್ಕೆ ಹಾಕಿದ್ದ ಕ್ಯಾನುಲಾಗೆ ಜೋಡಿಸಬೇಕು, ಆಗ ನೆಲ ಒರೆಸುತ್ತಿದ್ದ ಆಯಾ ತಲೆ ಎತ್ತಿ, 'ಸಿಸ್ಟರ್, ಬ್ಲಡ್ ತಂದ ಹುಡುಗ ಅಲ್ಲಿ ಕೂತವ್ನೆ' ಅಂದಳು. ತಿರುಗಿ ನೋಡಿದರೆ ಹುಡುಗ ಹನ್ನೊಂದನೇ ಹಾಸಿಗೆ ಪಕ್ಕ ಸ್ಟೂಲಿನ ಮೇಲೆ ಕೂತು, ಫ್ಲಾಸ್ಕಿನ ಮುಚ್ಚಳದಲ್ಲಿ ಅವರಮ್ಮನಿಗೆ ಕಾಫಿ ಆರಿಸುತ್ತಿದ್ದ.

ಕೈ ತಣ್ಣಗಾಯಿತು. ಕೇಸ್ ಶೀಟ್ ತೆಗೆದು ಐ.ಪಿ. ನಂಬರ್ (ಆಸ್ಪತ್ರೆಗೆ ಸೇರಿದಾಗ ಕೊಡುವ ನಂಬರ್) ನೋಡಿದೆ. ಬೇರೆ. ಆ ಆಯಾಗೆ ಓದಲು ಬರೆಯಲು ಬರುತ್ತಿರಲಿಲ್ಲ. ಫಾರ್ಮಿನಲ್ಲಿ ಮಾತ್ರ ಎರಡು ಸಹಿ ಆಗಲೇ ಬಿದ್ದಿದ್ದವು, ಎರಡೂ ನನ್ನ ಕೈಯದ್ದೇ.

ಬೇರೆ ಗುಂಪಿನ ರಕ್ತ ಎಷ್ಟು ಹೋದರೆ ಅಪಾಯ ಅಂತ ಕೇಳಿದರೆ ಜನ ಅರ್ಧ ಬ್ಯಾಗ್ ಅಂತಾರೆ. ಅಲ್ಲಮ್ಮ. 5–10 ಎಂ.ಎಲ್. ಸಾಕು, ಅಂದರೆ ಒಂದೆರಡು ಟೀ ಚಮಚ. ದೇಹದಲ್ಲಿರುವ ಆಂಟಿಬಾಡಿಗಳು, ಅಂದರೆ ಹೊರಗಿನದ್ದನ್ನು ಎದುರಿಸುವ ಕಾವಲುಗಾರರು, ಆ ಕೆಂಪು ಕಣಗಳ ಮೇಲೆ ಬಿದ್ದು ಒಡೆಯುತ್ತವೆ. ಬಿ.ಪಿ. ಕುಸಿಯುತ್ತದೆ, ಕಿಡ್ನಿ ಕೈಕೊಡುತ್ತದೆ, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಕೆಡುತ್ತದೆ. ಇಂಥ ಅನಾಹುತಗಳಲ್ಲಿ ಹೆಚ್ಚಿನವು ಲ್ಯಾಬಿನ ಯಂತ್ರ ಕೆಟ್ಟು ಆದವಲ್ಲ. ಸರಿಯಾದ ಬ್ಯಾಗ್ ತಪ್ಪು ಹಾಸಿಗೆಗೆ ಹೋಗಿ ಆದವು, ಇಲ್ಲಾ ಸ್ಯಾಂಪಲ್ ಟ್ಯೂಬಿನ ಮೇಲೆ ಬೇರೆಯವರ ಹೆಸರು ಬಿದ್ದು ಆದವು.

ಹಾಗಾಗಿ ಕೇಳುವ ರೀತಿಯೇ ಬದಲಾಗಬೇಕು. 'ನೀವು ಇಂಥವರಲ್ವಾ' ಅಂತ ಯಾವತ್ತೂ ಕೇಳಬೇಡ. ಜ್ವರದಲ್ಲಿರುವವರು, ಕಿವಿ ಮಂದ ಇರುವವರು, ಬಿಳಿ ಬಟ್ಟೆ ಕಂಡರೆ ಹೆದರುವವರು ಎಲ್ಲದಕ್ಕೂ ಹೂಂ ಅಂತಾರೆ. 'ಅಮ್ಮ, ನಿಮ್ಮ ಹೆಸರು ಹೇಳಿ, ಯಜಮಾನರ ಹೆಸರು ಹೇಳಿ, ಯಾವ ಊರು' ಅಂತ ಕೇಳು. ಬಾಯಿ ಬಿಟ್ಟು ಅವರೇ ಹೇಳಲಿ. ಅದನ್ನು ಕೈಪಟ್ಟಿಯ ಜೊತೆ, ಕೇಸ್ ಶೀಟಿನ ಜೊತೆ, ಬ್ಯಾಗಿಗೆ ಕಟ್ಟಿರುವ ಟ್ಯಾಗ್ ಜೊತೆ, ಕ್ರಾಸ್ ಮ್ಯಾಚ್ (ದಾನಿಯ ರಕ್ತ ರೋಗಿಯ ರಕ್ತಕ್ಕೆ ಹೊಂದುತ್ತದಾ ಅನ್ನುವ ಪರೀಕ್ಷೆ) ರಿಪೋರ್ಟ್ ಜೊತೆ ತಾಳೆ ನೋಡು: ಹೆಸರು, ಐ.ಪಿ. ನಂಬರ್, ಗುಂಪು, ಬ್ಯಾಗ್ ನಂಬರ್, ಎಕ್ಸ್‌ಪೈರಿ. ಒಂದು ಅಕ್ಷರ, ಒಂದು ಅಂಕಿ ಬೇರೆ ಇದ್ದರೂ ಬ್ಯಾಗ್ ವಾಪಸ್. 'ಬರೆಯುವಾಗ ತಪ್ಪಾಗಿರಬೇಕು ಬಿಡಿ' ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡ. ಪ್ರಜ್ಞೆ ಇಲ್ಲದವರಾದರೆ ಕೈಪಟ್ಟಿಯೇ ಗತಿ. ಪಟ್ಟಿ ಇಲ್ಲವಾ, ಮೊದಲು ಗುರುತು ಖಚಿತ ಮಾಡಿಕೊಂಡು ಪಟ್ಟಿ ಕಟ್ಟು, ಆಮೇಲೆ ರಕ್ತ. ಇದೆಲ್ಲ ಹಾಸಿಗೆ ಪಕ್ಕದಲ್ಲೇ ನಡೆಯಬೇಕು. ಡ್ಯೂಟಿ ರೂಮಿನ ಮೇಜಿನ ಮೇಲೆ ಪೇಪರಿಗೆ ಪೇಪರ್ ತಾಳೆ ಹಾಕಿದರೆ ಎರಡೂ ಪೇಪರ್ ಸರಿ ಇರುತ್ತವೆ, ಮಲಗಿರುವವರು ಮಾತ್ರ ಬೇರೆಯವರಾಗಿರುತ್ತಾರೆ.

ಎರಡನೇ ಸಹಿಗೆ ಡ್ಯೂಟಿ ಡಾಕ್ಟರನ್ನು ಎಬ್ಬಿಸು. ಗೊಣಗುತ್ತಾರೆ, ಗೊಣಗಲಿ. ಅವರೂ ಸುಮ್ನೆ ನೀನು ಓದಿದ್ದಕ್ಕೆ ತಲೆ ಆಡಿಸಬಾರದು, ತಮ್ಮ ಪಾಡಿಗೆ ತಾವು ಬೇರೆಯಾಗಿ ನೋಡಬೇಕು. ಇಲ್ಲದವರ ಸಹಿ ಮಾತ್ರ ಹಾಕಬೇಡ, ನಾಳೆ ಏನಾದರೂ ಆದರೆ ಆ ಸಹಿಯೇ ನಿನ್ನ ಕೊರಳಿಗೆ ಬರುತ್ತದೆ. ಇನ್ನೊಂದು, ತುರ್ತು ಇಲ್ಲದ ರಕ್ತವನ್ನು ರಾತ್ರಿ ಹಾಕುವುದೇ ಬೇಡ ಅಂತ ನಿಮ್ಮ ಡಾಕ್ಟರ್ ಹತ್ತಿರ ಹಗಲು ಹೊತ್ತಿನಲ್ಲೇ ಮಾತಾಡಿಕೋ. ಕತ್ತಲಲ್ಲಿ ರೋಗಿಯ ಮುಖದ ಬಣ್ಣ ಬದಲಾದರೂ ಕಾಣುವುದಿಲ್ಲ, ಮೈಮೇಲಿನ ಗಂಧೆಯೂ ಕಾಣುವುದಿಲ್ಲ. ಹೆರಿಗೆ, ಆಕ್ಸಿಡೆಂಟ್, ರಕ್ತಸ್ರಾವ ಬೇರೆ ಮಾತು. ಹಿಮೋಗ್ಲೋಬಿನ್ ಕಡಿಮೆ ಇದೆ ಅಂತ ಮೂರು ದಿನದಿಂದ ಮಲಗಿರುವವರಿಗೆ ರಾತ್ರಿ ಎರಡು ಗಂಟೆಗೇ ಹಾಕಬೇಕಾ?

ಸ್ಯಾಂಪಲ್ ಬಗ್ಗೆಯೂ ಹೇಳಿಬಿಡುತ್ತೇನೆ. ನಾಲ್ಕು ಟ್ಯೂಬಿಗೆ ಮೊದಲೇ ಹೆಸರು ಬರೆದು ಜೇಬಿಗೆ ಹಾಕಿಕೊಂಡು ರೌಂಡ್ ಹೋಗುವ ಅಭ್ಯಾಸ ಇದ್ದರೆ ಇವತ್ತೇ ಬಿಡು. ರಕ್ತ ತೆಗೆದ ಮೇಲೆ, ಅದೇ ಹಾಸಿಗೆ ಪಕ್ಕದಲ್ಲೇ, ರೋಗಿಯನ್ನು ಕೇಳಿ ಬರೆಯಬೇಕು. ಯಾಕಂದ್ರೆ ಸ್ಯಾಂಪಲ್ ಅದಲು ಬದಲಾದರೆ ಬ್ಲಡ್ ಬ್ಯಾಂಕಿನವರು ಎಷ್ಟೇ ಚೆನ್ನಾಗಿ ಮ್ಯಾಚ್ ಮಾಡಿದರೂ ಅದು ಪಕ್ಕದ ಹಾಸಿಗೆಯವರ ಮ್ಯಾಚ್, ಮುಂದೆ ನೀನು ಹತ್ತು ಸಲ ಹೆಸರು ಕೇಳಿದರೂ ಆ ತಪ್ಪು ಸಿಕ್ಕುವುದಿಲ್ಲ. ಹಳೇ ಕೇಸ್ ಶೀಟಿನಲ್ಲಿ ಗುಂಪು ಬರೆದಿದ್ದರೆ ಅದನ್ನೂ ಹೋಲಿಸಿ ನೋಡು. ಹಿಂದೆ ಎ ಇದ್ದವರು ಈಗ ಬಿ ಆಗಿದ್ದಾರೆ ಅಂದರೆ ಅಲ್ಲೇ ನಿಲ್ಲು.

ಪ್ರಶ್ನೆ: ನಮ್ಮ ತಾಯಿಗೆ ಆಪರೇಷನ್ ಆದ ಮೇಲೆ ರಕ್ತ ಹಾಕಿದರು. ಹತ್ತು ನಿಮಿಷಕ್ಕೆಲ್ಲ ಚಳಿ, ನಡುಕ. ಸಿಸ್ಟರ್ ತಕ್ಷಣ ಬಂದ್ ಮಾಡಿ ಇಡೀ ಬ್ಯಾಗ್ ವಾಪಸ್ ಕಳಿಸಿಬಿಟ್ಟರು. ಆ ಬ್ಯಾಗಿಗಾಗಿ ನಾವು ಮೂರು ಗಂಟೆ ಕಾದಿದ್ದೆವು, ದುಡ್ಡೂ ಕಟ್ಟಿದ್ದೆವು. ಒಂದು ಮಾತ್ರೆ ಕೊಟ್ಟು ನಿಧಾನವಾಗಿ ಹಾಕಬಹುದಿತ್ತು ಅಲ್ವಾ?
– ಒಬ್ಬ ತೆಂಗು ಬೆಳೆಗಾರ, ತಿಪಟೂರು

ಉತ್ತರ: ತಿಪಟೂರಿನವರು ನೀವು, ಇನ್ನೊಂದು ಸಲ ಆ ಕಡೆ ಹೋದಾಗ ಆ ಸಿಸ್ಟರಿಗೆ ಎರಡು ಎಳನೀರು ಕೊಟ್ಟು ಬನ್ನಿ. ಅವರು ಮಾಡಿದ್ದು ನೂರಕ್ಕೆ ನೂರು ಸರಿ.

ಚಳಿ ನಡುಕ ಬಂದರೆ ಅದು ಸಾಮಾನ್ಯ ಜ್ವರದ ರಿಯಾಕ್ಷನ್ ಇರಬಹುದು, ಗುಂಪು ತಪ್ಪಿದ್ದರ ಮೊದಲ ಗುರುತೂ ಇರಬಹುದು, ಬ್ಯಾಗಿನಲ್ಲಿ ಬ್ಯಾಕ್ಟೀರಿಯಾ ಬೆಳೆದಿದ್ದೂ ಇರಬಹುದು. ಮೊದಲ ನಿಮಿಷದಲ್ಲಿ ಮೂರೂ ಒಂದೇ ಥರ ಕಾಣುತ್ತವೆ. ಯಾವುದು ಅಂತ ಪತ್ತೆ ಆಗುವ ತನಕ ರಕ್ತ ಹೋಗುತ್ತಲೇ ಇದ್ದರೆ? ಅದಕ್ಕೇ ಮೊದಲು ನಿಲ್ಲಿಸುವುದು, ಆಮೇಲೆ ಯೋಚಿಸುವುದು. ಬರೀ ಮೈ ತುರಿಕೆ, ನಾಲ್ಕು ಗಂಧೆ ಅಷ್ಟೇ ಇದ್ದರೆ ಕೆಲವೊಮ್ಮೆ ಇಂಜೆಕ್ಷನ್ ಕೊಟ್ಟು, ಕಾದು ನೋಡಿ, ಮತ್ತೆ ನಿಧಾನವಾಗಿ ಶುರು ಮಾಡುವುದುಂಟು. ಅದೂ ಡಾಕ್ಟರ್ ಬಂದು ನೋಡಿ ಹೇಳಬೇಕು. ಸೊಂಟ ನೋವು, ಎದೆ ಬಿಗಿತ, ಉಸಿರಾಟದ ತೊಂದರೆ, ಸೂಜಿ ಚುಚ್ಚಿದ ಕಡೆ ಉರಿ, ಮೂತ್ರ ಕೆಂಪಗೆ ಅಥವಾ ಕಾಫಿ ಬಣ್ಣಕ್ಕೆ ತಿರುಗುವುದು, ಇವು ಕಂಡರೆ ಮತ್ತೆ ಶುರು ಮಾಡುವ ಮಾತೇ ಇಲ್ಲ. 'ಯಾಕೋ ಜೀವ ಹೋದ ಹಾಗೆ ಆಗ್ತಿದೆ ಸಿಸ್ಟರ್' ಅಂತ ಕೆಲವರು ಅಂತಾರೆ. ಹೆದರಿಕೆ ಅಂತ ತಳ್ಳಿಹಾಕಬೇಡಿ, ಅದೂ ಒಂದು ಗುರುತೇ.

ಆ ಸಿಸ್ಟರ್ ಟ್ಯೂಬನ್ನೂ ಬದಲಾಯಿಸಿ ಹೊಸ ಸೆಟ್ಟಿನಲ್ಲಿ ಸಲೈನ್ ಹಾಕಿರುತ್ತಾರೆ, ನೀವು ಗಮನಿಸಿರಲಿಕ್ಕಿಲ್ಲ. ಹಳೇ ಟ್ಯೂಬಿನಲ್ಲೇ ಸಲೈನ್ ಬಿಟ್ಟರೆ ಟ್ಯೂಬಿನೊಳಗೆ ಉಳಿದ ರಕ್ತವನ್ನೆಲ್ಲ ನಾವೇ ಒಳಗೆ ತಳ್ಳಿದ ಹಾಗೆ. ಕ್ಯಾನುಲಾ ಮಾತ್ರ ತೆಗೆಯುವುದಿಲ್ಲ, ಔಷಧಿ ಕೊಡಲು ಆ ದಾರಿ ಬೇಕು.

ಬ್ಯಾಗ್ ವಾಪಸ್ ಹೋಗಿದ್ದು ಕಸಕ್ಕಲ್ಲ, ಬ್ಲಡ್ ಬ್ಯಾಂಕಿಗೆ. ಸೆಟ್ ಸಮೇತ ಹೋಗುತ್ತದೆ, ಜೊತೆಗೆ ನಿಮ್ಮ ತಾಯಿಯ ಹೊಸ ರಕ್ತದ ಸ್ಯಾಂಪಲ್, ಮೂತ್ರದ ಸ್ಯಾಂಪಲ್. ಅಲ್ಲಿ ಗುಂಪು ಮತ್ತೆ ನೋಡುತ್ತಾರೆ, ಕ್ರಾಸ್ ಮ್ಯಾಚ್ ಮತ್ತೆ ಮಾಡುತ್ತಾರೆ. ಇಂಥ ರಿಯಾಕ್ಷನ್‌ಗಳನ್ನು ದೇಶದ ಮಟ್ಟದಲ್ಲಿ ದಾಖಲಿಸಲು 2012ರ ಡಿಸೆಂಬರ್‌ನಿಂದ ಹಿಮೋವಿಜಿಲೆನ್ಸ್ ಅಂತ ಒಂದು ಕಾರ್ಯಕ್ರಮವೇ ಇದೆ, ನೋಯ್ಡಾದ ರಾಷ್ಟ್ರೀಯ ಜೈವಿಕ ಸಂಸ್ಥೆ ನೋಡಿಕೊಳ್ಳುತ್ತದೆ. ನರ್ಸ್‌ಗಳು ರಿಯಾಕ್ಷನ್ ಫಾರ್ಮ್ ತುಂಬಲು ಹಿಂಜರಿಯುತ್ತಾರೆ, ತಪ್ಪು ಒಪ್ಪಿಕೊಂಡ ಹಾಗೆ ಅಂತ. ಹಾಗಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ನೀವು ಕಟ್ಟಿದ್ದು ರಕ್ತದ ಬೆಲೆ ಅಲ್ಲ. ರಕ್ತ ಮಾರುವ ಹಾಗಿಲ್ಲ. ಎಚ್.ಐ.ವಿ., ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ, ಬ್ಯಾಗು, ಶೇಖರಣೆ, ಇವುಗಳ ಖರ್ಚು ಅದು. ನೋವಾಗುತ್ತದೆ, ಗೊತ್ತು. ಆದರೆ ಬ್ಯಾಗ್ ಉಳಿಸಲು ಹೋಗಿ ಅಮ್ಮನ ಕಿಡ್ನಿ ಪಣಕ್ಕಿಡುವುದಾ?

ಪ್ರಶ್ನೆ: ರಕ್ತದ ಬ್ಯಾಗ್ ಫ್ರಿಜ್ಜಿನಿಂದ ಬಂದಾಗ ಮಂಜಿನ ಹಾಗೆ ಇರುತ್ತದೆ. ಹಾಗೇ ಹಾಕಿದರೆ ಶೀತ ಆಗುವುದಿಲ್ಲವಾ? ನಮ್ಮ ಮಾವನಿಗೆ ಹಾಕುವಾಗ ನಾನು ಸ್ವಲ್ಪ ಹೊತ್ತು ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿಕೊಟ್ಟೆ. ಸಿಸ್ಟರ್ ಬೈದರು.
– ಗೃಹಿಣಿ, ಪಾವಗಡ

ಉತ್ತರ: ಕಂಕುಳು ಪರವಾಗಿಲ್ಲ, ಇದಕ್ಕಿಂತ ಮೇಲಿನದ್ದು ನೋಡಿದ್ದೇನೆ. ಒಬ್ಬರು ವಾರ್ಡಿನ ಕಿಟಕಿ ಕಟ್ಟೆ ಮೇಲೆ ಹಪ್ಪಳ ಒಣಗಿಸಿದ ಹಾಗೆ ಬಿಸಿಲಿಗೆ ಇಟ್ಟಿದ್ದರು. ಇನ್ನೊಬ್ಬರು ಸ್ನಾನದ ಬಿಸಿನೀರಿನ ಬಕೆಟ್ಟಿಗೆ ಇಳಿಬಿಟ್ಟಿದ್ದರು.

ರಕ್ತ 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಅದರಿಂದ ಹೊರಗೆ ಬಂದ ಗಳಿಗೆಯಿಂದ ಗಡಿಯಾರ ಓಡುತ್ತದೆ. 30 ನಿಮಿಷದೊಳಗೆ ಹಾಕಲು ಶುರು ಮಾಡಬೇಕು, 4 ಗಂಟೆಯೊಳಗೆ ಮುಗಿಸಬೇಕು. ಬೆಚ್ಚಗಾದ ರಕ್ತದಲ್ಲಿ ಬ್ಯಾಕ್ಟೀರಿಯಾ ಇದ್ದರೆ ಅವಕ್ಕೆ ಹಬ್ಬ. ಬಿಸಿನೀರಿಗೆ ಹಾಕಿದರೆ ಕೆಂಪು ಕಣಗಳೇ ಒಡೆದುಹೋಗುತ್ತವೆ, ಒಡೆದ ಕಣ ದೇಹಕ್ಕೆ ವಿಷ. ನಿಧಾನವಾಗಿ ಹನಿಹನಿಯಾಗಿ ಹೋಗುವ ರಕ್ತ ನರದಲ್ಲೇ ಬೆಚ್ಚಗಾಗುತ್ತದೆ, ಶೀತ ಆಗುವುದಿಲ್ಲ. ಬೇಕಿದ್ದರೆ ಮಾವನಿಗೆ ಒಂದು ಕಂಬಳಿ ಹೊದಿಸಿ. ತುಂಬ ರಕ್ತ ವೇಗವಾಗಿ ಹಾಕಬೇಕಾದಾಗ ಅದಕ್ಕೆಂದೇ ಬ್ಲಡ್ ವಾರ್ಮರ್ ಅಂತ ಯಂತ್ರ ಇದೆ.

ನಿಮ್ಮ ಪಾವಗಡದ ಕಷ್ಟ ಬೇರೆ. ತುಮಕೂರಿನಿಂದ ಸುಮಾರು 100 ಕಿಲೋಮೀಟರ್, ಬೇಸಿಗೆಯಲ್ಲಿ ಆ ಬಿಸಿಲು. ಬ್ಯಾಗನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಸ್ಸು ಹತ್ತುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಬ್ಲಡ್ ಬ್ಯಾಂಕಿನವರನ್ನೇ ಕೇಳಿ, ಐಸ್ ಪ್ಯಾಕ್ ಇರುವ ಡಬ್ಬದಲ್ಲಿ ಕೊಡುತ್ತಾರೆ. ಐಸ್ ನೇರವಾಗಿ ಬ್ಯಾಗಿಗೆ ತಾಗಬಾರದು, ತಾಗಿದ ಕಡೆ ರಕ್ತ ಮಂಜುಗಡ್ಡೆಯಾಗಿ ಕಣ ಒಡೆಯುತ್ತದೆ. ತಲುಪಿದ ಮೇಲೆ 'ಊಟ ಮಾಡಿ ಬರ್ತೀನಿ ಸಿಸ್ಟರ್, ಅಲ್ಲಿವರೆಗೆ ನಿಮ್ಮ ಫ್ರಿಜ್ಜಲ್ಲಿ ಇಟ್ಟಿರಿ' ಅನ್ನಬೇಡಿ. ವಾರ್ಡಿನ ಫ್ರಿಜ್ಜಿನಲ್ಲಿ ಇನ್ಸುಲಿನ್ ಇರುತ್ತದೆ, ನಮ್ಮ ಮಜ್ಜಿಗೆ ಡಬ್ಬಿಯೂ ಇರುತ್ತದೆ (ಇರಬಾರದು, ಆದರೆ ಇರುತ್ತದೆ). ಅದು ರಕ್ತ ಇಡುವ ಜಾಗವಲ್ಲ.

ಡೆಂಗಿ ಕಾಲದಲ್ಲಿ ತರುವ ಪ್ಲೇಟ್‌ಲೆಟ್‌ಗೆ ಇದೆಲ್ಲ ಉಲ್ಟಾ. ಅದನ್ನು ಫ್ರಿಜ್ಜಿಗೂ ಐಸಿಗೂ ಹಾಕಬಾರದು. 20ರಿಂದ 24 ಡಿಗ್ರಿಯಲ್ಲಿ ಅಲುಗಾಡಿಸುತ್ತಾ ಇಡುತ್ತಾರೆ, ತಂದ ತಕ್ಷಣ ಹಾಕಿಬಿಡಬೇಕು.

ಪ್ರಶ್ನೆ: ನಾನು ನರ್ಸಿಂಗ್ ಎರಡನೇ ವರ್ಷ. ರಕ್ತ ಹೋಗುವಾಗ ಅದೇ ಲೈನಿನಲ್ಲಿ ಆಂಟಿಬಯಾಟಿಕ್ ಕೊಡಬಹುದಾ? ಗ್ಲೂಕೋಸ್ ಹೋಗುತ್ತಿದ್ದ ಸೆಟ್ಟಿಗೇ ಬ್ಯಾಗ್ ಜೋಡಿಸಿದರೆ ಏನಾಗುತ್ತದೆ?
– ವಿದ್ಯಾರ್ಥಿನಿ, ಕ್ಯಾತ್ಸಂದ್ರ

ಉತ್ತರ: ಎರಡೂ ಬೇಡ. ರಕ್ತದ ಜೊತೆ ಹೋಗಬಹುದಾದದ್ದು 0.9% ನಾರ್ಮಲ್ ಸಲೈನ್ ಮಾತ್ರ. ಗ್ಲೂಕೋಸ್ ನೀರು ಸೇರಿದರೆ ಕೆಂಪು ಕಣಗಳು ಗುಂಪುಗೂಡಿ, ಊದಿ ಒಡೆಯುತ್ತವೆ. ಇನ್ನೊಂದು ಥರದ ಡ್ರಿಪ್ ಆದ ರಿಂಗರ್ ಲ್ಯಾಕ್ಟೇಟ್‌ನಲ್ಲಿ ಕ್ಯಾಲ್ಸಿಯಂ ಇದೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ಬ್ಯಾಗಿನಲ್ಲಿ ಹಾಕಿರುವ ಸಿಟ್ರೇಟ್ ಕೆಲಸವನ್ನು ಆ ಕ್ಯಾಲ್ಸಿಯಂ ಕೆಡಿಸುತ್ತದೆ, ಟ್ಯೂಬಿನಲ್ಲೇ ಗಡ್ಡೆ ಕಟ್ಟುತ್ತದೆ. ಇಂಜೆಕ್ಷನ್ ಬೇರೆ ಲೈನಿನಲ್ಲಿ ಕೊಡು. ಅದೇ ಲೈನಿನಲ್ಲಿ ಕೊಟ್ಟು ಮೈ ತುರಿಕೆ ಬಂದರೆ ರಕ್ತದಿಂದ ಬಂತಾ ಔಷಧಿಯಿಂದ ಬಂತಾ ಅಂತ ಯಾವ ಡಾಕ್ಟರ್ ಹೇಳಿಯಾರು? ರಕ್ತ ಹಾಕಲೆಂದೇ ಇರುವ ಬಿ.ಟಿ. ಸೆಟ್ಟನ್ನೇ ಬಳಸು, ಅದರಲ್ಲಿ ಗಡ್ಡೆ ತಡೆಯುವ ಜಾಲರಿ ಇರುತ್ತದೆ, ಸಾಮಾನ್ಯ ಐ.ವಿ. ಸೆಟ್ಟಿನಲ್ಲಿ ಅದು ಇಲ್ಲ. ಕ್ಯಾನುಲಾ ದೊಡ್ಡವರಿಗೆ ಹಸಿರು ಅಥವಾ ಗುಲಾಬಿ ಬಣ್ಣದ್ದು ಹಾಕಿದರೆ ಸಲೀಸು. ನರ ಸಿಗದ ಅಜ್ಜಿಗೆ ತೆಳ್ಳಗಿನ ನೀಲಿಯೇ ಗತಿಯಾದರೆ ನಿಧಾನವಾಗಿ ಬಿಡು, ಬ್ಯಾಗ್ ಹಿಂಡಬೇಡ.

ಚುಚ್ಚುವ ಮೊದಲು ಬ್ಯಾಗನ್ನು ಬೆಳಕಿಗೆ ಹಿಡಿದು ನೋಡುವುದನ್ನು ಈಗಿನಿಂದಲೇ ಅಭ್ಯಾಸ ಮಾಡಿಕೋ. ಸೋರಿದೆಯಾ, ಗಡ್ಡೆ ಇದೆಯಾ, ಕಪ್ಪು ನೇರಳೆ ಬಣ್ಣಕ್ಕೆ ತಿರುಗಿದೆಯಾ, ಮೇಲೆ ನಿಲ್ಲುವ ತಿಳಿನೀರು ಕೆಂಪಾಗಿದೆಯಾ ಅಂತ. ಅನುಮಾನ ಬಂದರೆ ವಾಪಸ್.

ಪ್ರಶ್ನೆ: ನಮ್ಮ ತಂದೆಗೆ 78 ವರ್ಷ, ಹಾರ್ಟ್ ವೀಕ್. ಒಂದೇ ದಿನ ಎರಡು ಬ್ಯಾಗ್ ಹಾಕಿದರು. ಎರಡನೆಯದು ಮುಗಿಯುವಷ್ಟರಲ್ಲಿ ಉಸಿರು ಕಟ್ಟಿ ಐ.ಸಿ.ಯು.ಗೆ ಒಯ್ದರು. ಗುಂಪು ತಪ್ಪಾಗಿತ್ತಾ?
– ಒಬ್ಬ ಓದುಗರು, ಗುಬ್ಬಿ

ಉತ್ತರ: ನೀವು ಬರೆದದ್ದನ್ನು ನೋಡಿದರೆ ಗುಂಪು ತಪ್ಪಿದ್ದಕ್ಕಿಂತ ನೀರು ಜಾಸ್ತಿಯಾದದ್ದು ಇರಬಹುದು, ಆದರೆ ಕೇಸ್ ಶೀಟ್ ನೋಡದೆ ನಾನು ತೀರ್ಪು ಕೊಡುವ ಹಾಗಿಲ್ಲ. ದುರ್ಬಲ ಹೃದಯಕ್ಕೆ ಎರಡು ಬ್ಯಾಗ್ ಅಂದರೆ ತುಂಬಿದ ಕೆರೆಗೆ ಮತ್ತೆ ಮಳೆ ಬಂದ ಹಾಗೆ, ಕೋಡಿ ಬಿದ್ದು ಶ್ವಾಸಕೋಶಕ್ಕೆ ನುಗ್ಗುತ್ತದೆ. ವಯಸ್ಸಾದವರು, ಕಿಡ್ನಿ ತೊಂದರೆ ಇರುವವರು, ಬಹಳ ದಿನದಿಂದ ರಕ್ತ ಕಮ್ಮಿ ಇರುವವರು, 35–40 ಕೆ.ಜಿ. ತೂಕದ ಹೆಂಗಸರು, ಇವರಿಗೆಲ್ಲ ಒಂದು ಸಲಕ್ಕೆ ಒಂದೇ ಬ್ಯಾಗ್, ಅದೂ ನಿಧಾನವಾಗಿ, ತಲೆ ಕಡೆ ಎತ್ತರಿಸಿ ಹಾಕುವುದು ಒಳ್ಳೆಯದು. ನಡುವೆ ನೀರು ತೆಗೆಯುವ ಇಂಜೆಕ್ಷನ್ ಬೇಕಾ ಅಂತ ಡಾಕ್ಟರ್ ನೋಡುತ್ತಾರೆ.

ಇಲ್ಲಿ ನಮ್ಮವರ ತಪ್ಪು ಹೇಳಲೇಬೇಕು. ಡ್ಯೂಟಿ ಮುಗಿಯುವ ಹೊತ್ತಿಗೆ 'ಬ್ಯಾಗ್ ಖಾಲಿ ಮಾಡಿ ಹ್ಯಾಂಡ್ ಓವರ್ ಕೊಡೋಣ' ಅಂತ ರೋಲರ್ (ಹನಿಯ ವೇಗ ಹೆಚ್ಚು ಕಮ್ಮಿ ಮಾಡುವ ಚಕ್ರ) ಪೂರ್ತಿ ಬಿಡುವವರಿದ್ದಾರೆ. ನರ್ಸ್ ಆ ಕಡೆ ಹೋದ ತಕ್ಷಣ 'ಬೇಗ ಮುಗೀಲಿ, ಬಸ್ಸಿಗೆ ಹೋಗಬೇಕು' ಅಂತ ರೋಲರ್ ತಿರುಗಿಸುವ ನೆಂಟರೂ ಇದ್ದಾರೆ. ಲೆಕ್ಕ ಸುಲಭ. ಸೆಟ್ಟಿನ ಕವರ್ ಮೇಲೆ 1 ಎಂ.ಎಲ್.ಗೆ ಎಷ್ಟು ಹನಿ ಅಂತ ಬರೆದಿರುತ್ತದೆ. 20 ಹನಿ ಅಂತ ಇದ್ದರೆ, 300 ಎಂ.ಎಲ್. ಬ್ಯಾಗ್ 3 ಗಂಟೆಯಲ್ಲಿ ಮುಗಿಯಲು ನಿಮಿಷಕ್ಕೆ 33 ಹನಿ. ಮೊದಲ 15 ನಿಮಿಷ ಅದಕ್ಕಿಂತಲೂ ನಿಧಾನ, ಮತ್ತು ಆ 15 ನಿಮಿಷ ನರ್ಸ್ ಹಾಸಿಗೆ ಪಕ್ಕ ಬಿಟ್ಟು ಕದಲಬಾರದು. ಶುರುವಿಗೆ ಮುಂಚೆ ಒಮ್ಮೆ, ಶುರುವಾಗಿ 15 ನಿಮಿಷ ಆದಾಗ ಒಮ್ಮೆ, ಆಮೇಲೆ ಗಂಟೆಗೊಮ್ಮೆ, ಮುಗಿದ ಮೇಲೆ ಒಮ್ಮೆ ಟೆಂಪರೇಚರ್, ನಾಡಿ, ಬಿ.ಪಿ., ಉಸಿರು ನೋಡಿ ಬರೆಯಬೇಕು. ನಾಲ್ಕೂ ಕಾಲಮ್ಮನ್ನು ಕೊನೆಯಲ್ಲಿ ಒಂದೇ ಪೆನ್ನಿನಲ್ಲಿ, ಒಂದೇ ಅಂಕಿಯಲ್ಲಿ ತುಂಬಿದ ಚಾರ್ಟನ್ನು ನಾನು ದೂರದಿಂದಲೇ ಗುರುತು ಹಿಡಿಯುತ್ತೇನೆ. ಯಾರ ನಾಡಿಯೂ ನಾಲ್ಕು ಗಂಟೆ ಹೊತ್ತು 84ರಲ್ಲೇ ನಿಂತಿರುವುದಿಲ್ಲ.

ಪ್ರಶ್ನೆ: ನನ್ನ ಹೆಂಡತಿ ತುಂಬ ಸುಸ್ತು ಅಂತಾಳೆ. ಹಿಮೋಗ್ಲೋಬಿನ್ 9 ಇದೆ. ಶಕ್ತಿಗೆ ಒಂದು ಬಾಟಲಿ ರಕ್ತ ಹಾಕಿಸೋಣ ಅಂದರೆ ಡಾಕ್ಟರ್ ಒಪ್ಪುತ್ತಿಲ್ಲ.
– ಕುಣಿಗಲ್

ಉತ್ತರ: ಡಾಕ್ಟರ್ ಒಳ್ಳೆಯವರು, ಬದಲಾಯಿಸಬೇಡಿ. ರಕ್ತ ಟಾನಿಕ್ ಅಲ್ಲ. ಒಂದು ಬ್ಯಾಗ್ ಹಾಕಿದರೆ ಹಿಮೋಗ್ಲೋಬಿನ್ ಏರುವುದು ಸುಮಾರು 1 ಗ್ರಾಂ ಅಷ್ಟೇ. ಅದಕ್ಕಾಗಿ ಮೇಲೆ ಹೇಳಿದ ಅಪಾಯಗಳನ್ನೆಲ್ಲ ಯಾಕೆ ಮೈಮೇಲೆ ಎಳೆದುಕೊಳ್ಳಬೇಕು? ಯಾಕೆ ಕಮ್ಮಿ ಆಗಿದೆ ಅಂತ ಮೊದಲು ನೋಡಿಸಿ: ಮುಟ್ಟು ಜಾಸ್ತಿ ಹೋಗುತ್ತಾ, ಜಂತುಹುಳ ಇದೆಯಾ, ಮೂಲವ್ಯಾಧಿ ಇದೆಯಾ. ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ತಿಂಗಳುಗಟ್ಟಲೆ ಬಿಡದೆ ನುಂಗಬೇಕು, ಟೀ ಕಾಫಿ ಜೊತೆ ಮಾತ್ರ ಬೇಡ.

ಪ್ರಶ್ನೆ: ನಮ್ಮ ಅಕ್ಕನದ್ದು ಓ ಪಾಸಿಟಿವ್ ಅಂತ ಮೊದಲಿನಿಂದ ಗೊತ್ತು. ಹೆರಿಗೆ ಸಮಯದಲ್ಲಿ ಓ ಗುಂಪಿನ ನಾಲ್ಕು ಜನ ಹೋದೆವು. ಒಬ್ಬರದ್ದೂ ಮ್ಯಾಚ್ ಆಗಲಿಲ್ಲ ಅಂದರು. ಅದು ಹೇಗೆ ಸಾಧ್ಯ?
– ಶಿರಾ

ಉತ್ತರ: ಸಾಧ್ಯ. ಹಿಂದೆ ರಕ್ತ ಹಾಕಿಸಿಕೊಂಡಿದ್ದರೆ, ಮಕ್ಕಳಾಗಿದ್ದರೆ ದೇಹದಲ್ಲಿ ಬೇರೆ ಬೇರೆ ಆಂಟಿಬಾಡಿ ಹುಟ್ಟಿಕೊಂಡಿರಬಹುದು. ಇನ್ನೊಂದು ಅಪರೂಪದ ಕಾರಣ ಬಾಂಬೆ ಗುಂಪು. 1952ರಲ್ಲಿ ಮುಂಬೈಯಲ್ಲಿ ಡಾ. ವೈ.ಎಂ. ಭೇಂಡೆ ಮತ್ತು ಜೊತೆಗಾರರು ಇದನ್ನು ಮೊದಲು ಗುರುತಿಸಿದರು, ಅದಕ್ಕೇ ಆ ಹೆಸರು. ಎ, ಬಿ ಎರಡಕ್ಕೂ ತಳಪಾಯವಾದ ಎಚ್ ಅನ್ನುವ ವಸ್ತು ಇವರ ಕಣಗಳಲ್ಲಿ ಇರುವುದಿಲ್ಲ. ಸಾಮಾನ್ಯ ಪರೀಕ್ಷೆಯಲ್ಲಿ ಓ ಅಂತಲೇ ಕಾಣುತ್ತದೆ, ಆದರೆ ಓ ರಕ್ತ ಹಾಕಿದರೂ ರಿಯಾಕ್ಷನ್ ಆಗುತ್ತದೆ. ಬಾಂಬೆ ಗುಂಪಿನವರಿಗೆ ಬಾಂಬೆ ಗುಂಪಿನದ್ದೇ ಬೇಕು. ಓ ಅಂದರೆ ಎಲ್ಲರಿಗೂ ಆಗುತ್ತೆ, ಕ್ರಾಸ್ ಮ್ಯಾಚ್ ಯಾಕೆ ಅನ್ನುವವರಿಗೆ ಇದಕ್ಕಿಂತ ಉತ್ತರ ಬೇಡ.

ಇದು ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬರಬೇಕು. ಅಕ್ಕನ ಮಗಳನ್ನು ತರುವುದು, ಅತ್ತೆ ಮಗನಿಗೆ ಕೊಡುವುದು ನಮ್ಮಲ್ಲಿ ಇದ್ದದ್ದೇ, ಅಂಥ ಮನೆಗಳಲ್ಲಿ ಇದು ಸಿಗುವ ಸಾಧ್ಯತೆ ಜಾಸ್ತಿ. ಬ್ಲಡ್ ಬ್ಯಾಂಕಿನವರು ಕಾರಣ ಏನು ಅಂತ ಬರೆದುಕೊಟ್ಟಿದ್ದಾರಾ ನೋಡಿ. ಬಾಂಬೆ ಅಂತ ಇದ್ದರೆ ನೀವು ಒಡಹುಟ್ಟಿದವರೆಲ್ಲ ಪರೀಕ್ಷೆ ಮಾಡಿಸಿ, ನಿಮ್ಮಲ್ಲೇ ಇನ್ನೊಬ್ಬರು ಸಿಗಬಹುದು. ಆ ಚೀಟಿಯನ್ನು ಅಕ್ಕ ಆಧಾರ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಲಿ.

ಪ್ರಶ್ನೆ: ಮಗನ ರಕ್ತವನ್ನೇ ಅಪ್ಪನಿಗೆ ಕೊಟ್ಟರೆ ಚೆನ್ನಾಗಿ ಹೊಂದುತ್ತದೆ ಅಂತಾರೆ. ನಿಜವಾ?
– ತುರುವೇಕೆರೆ

ಉತ್ತರ: ಇಲ್ಲ. ಹತ್ತಿರದ ಸಂಬಂಧಿಕರ ರಕ್ತದಲ್ಲಿರುವ ಬಿಳಿ ಕಣಗಳು ರೋಗಿಯ ದೇಹದಲ್ಲಿ ಬೇರೂರಿ ದೇಹದ ಮೇಲೇ ತಿರುಗಿಬೀಳುವ ಅಪಾಯ ಇದೆ. ಅಪರೂಪ, ಆದರೆ ಬಂದರೆ ಉಳಿಯುವುದು ಕಷ್ಟ. ವಿಕಿರಣ ಹಾಯಿಸಿದ ರಕ್ತವಾದರೆ ಆ ಭಯ ಇಲ್ಲ, ಆ ಸೌಲಭ್ಯ ಎಲ್ಲ ಕಡೆ ಇರುವುದಿಲ್ಲ. ಮಗ ಕೊಡಲಿ, ಅದು ಬೇರೆಯವರಿಗೆ ಹೋಗಲಿ, ಅಪ್ಪನಿಗೆ ಬೇರೆಯವರದ್ದು ಬರಲಿ.

ಪ್ರಶ್ನೆ: ನೀವು ಹೋದ ತಿಂಗಳು ಬರೆದ ಹಾಗೆ ಪ್ರತಿ ಸಲ ಹೆಸರು ಕೇಳುತ್ತೇನೆ. ರೋಗಿಗಳು ಸಿಟ್ಟಾಗುತ್ತಾರೆ. 'ಬೆಳಿಗ್ಗೆಯಿಂದ ಮೂರು ಸಲ ಹೇಳಿದೀನಿ' ಅಂತಾರೆ. ಮುಜುಗರ ಆಗುತ್ತದೆ.
– ಸ್ಟಾಫ್ ನರ್ಸ್, ಕೊರಟಗೆರೆ

ಉತ್ತರ: ಆಗಲಿ ಬಿಡಮ್ಮ, ಸಿಟ್ಟಿಗೆ ಔಷಧಿ ಇದೆ. ಯಾಕೆ ಕೇಳುತ್ತಿದ್ದೇನೆ ಅಂತ ಒಂದು ಸಾಲು ಮೊದಲೇ ಹೇಳಿಬಿಡು, 'ಅಜ್ಜ, ಬೇರೆಯವರ ರಕ್ತ ನಿಮಗೆ ಹೋಗಬಾರದಲ್ವಾ, ಅದಕ್ಕೆ' ಅಂತ. ಹಾಗೆ ಹೇಳಿದರೆ ಎಷ್ಟೋ ಜನ ಅವರೇ ಬ್ಯಾಗಿನ ಚೀಟಿ ಓದಲು ಕತ್ತು ಎತ್ತುತ್ತಾರೆ. ನನಗೊಬ್ಬರು ಅಜ್ಜ ಸಿಕ್ಕಿದ್ದರು, ಮಾಗಡಿ ರಸ್ತೆ ಕಡೆಯ ಹಳ್ಳಿಯವರು. ನಾಲ್ಕನೇ ಸಲ ಹೆಸರು ಕೇಳಿದಾಗ ನನ್ನ ಮುಖ ನೋಡಿ, 'ನಿಂಗೆ ಮರೆವು ಹತ್ಕೊಂಡದೆ ಕಣವ್ವ, ಒಂದೆಲಗ ತಿನ್ನು' ಅಂದರು. ಇಡೀ ವಾರ್ಡ್ ನಕ್ಕಿತು. ಮಾರನೇ ದಿನ ಅವರ ಸೊಸೆ ನಿಜವಾಗಿಯೂ ಒಂದು ಹಿಡಿ ಒಂದೆಲಗ ಕಿತ್ತು ತಂದು ನನ್ನ ಟೇಬಲ್ ಮೇಲಿಟ್ಟು ಹೋದಳು. ಮನೆಗೆ ಹೋಗಿ ಚಟ್ನಿ ಅರೆದೆ. ಸಂಜೆ ಡ್ಯೂಟಿಗೆ ಬಂದು ಐದನೇ ಸಲ ಹೆಸರು ಕೇಳಿ ಎರಡನೇ ಬ್ಯಾಗ್ ಹಾಕಿದೆ.